‘ಒಣಗಿರಲಿ’ ಎಂದರೆ

ಜೂನ್ ೩, ಮಧ್ಯಾಹ್ನ

ಮಗಳು ಮಲಗಿದ್ದಾಳೆ. ನಾನು ಮಗ್ಗುಲಾಗಿ ಏಳುವುದನ್ನು ಕಲಿಯುತ್ತಿದ್ದೇನೆ. ಕೆಮ್ಮಿದರೆ ಸಿಸೇರಿಯನ್ ಹೊಲಿಗೆ ಹಿಡಿದುಕೊಳ್ಳಬೇಕು. ಸೀನು ಬಂದರಂತೂ ದೇವರೇ ಗತಿ.

ಡಿಸ್ಚಾರ್ಜ್ ದಿನ ನರ್ಸ್ ಎಲ್ಲ ಹೇಳಿದ್ದರು. ಮಗು ಕಿರುಚುತ್ತಿತ್ತು, ಹೂಂ, ಹೂಂ ಅಂದೆ. ನನ್ನ ಕಾಲ್ ಸೆಂಟರ್ ಕೆಲಸದಲ್ಲಿ ದಿನವಿಡೀ ಕೇಳುವ ಹೂಂ ಅದೇ — ಏನೂ ತಿಳಿಯದವರದ್ದು. ಗಾಯದ ಬಗ್ಗೆ ನೆನಪಿರುವುದು ಒಂದೇ ಮಾತು: “ಒಣಗಿರಲಿ.”

“ಸೋಪು ಹಚ್ಚಬಹುದಾ?” ಅಂದರು ಇವರು.

“ಗೊತ್ತಿಲ್ಲ ರೀ.”

ನಾಳೆ ನೆನಪಾಗಬಹುದು.

ಜೂನ್ ೫

ಅಮ್ಮ ಮಗುವಿನ ಪೌಡರ್ ಡಬ್ಬಿ ತಂದಳು. “ಒಣಗಿರ್ಬೇಕು ಅಂದ್ರಲ್ಲ, ಇದನ್ನ ಹಾಕು. ನೀರು ಮಾತ್ರ ಸೋಕಿಸ್ಬೇಡ.” ಸರಿ ಅನ್ನಿಸಿತು. ಕಣ್ಣು ಮುಚ್ಚಿ ಉದುರಿಸಿಕೊಂಡೆ. ಹೊಟ್ಟೆ ಜೋತುಬಿದ್ದಿದೆ, ಬಗ್ಗಿದರೂ ಗಾಯ ಕಾಣದು. ಕಾಣದಿರುವುದೇ ವಾಸಿ.

ಜೂನ್ ೮, ಬೆಳಿಗ್ಗೆ

ವಾಸನೆ. ಡೈಪರ್ ಅಂದುಕೊಂಡೆ. ಬದಲಾಯಿಸಿದೆ. ಮತ್ತೆ ಅದೇ ವಾಸನೆ... ನನ್ನದೇ.

ನೈಟಿಯ ಮೇಲೆ ಒದ್ದೆ ಕಲೆ. “ಏನೇ ಅದು?” ಅಂದರು ಇವರು. “ಹಾಲು” ಅಂದೆ. ಹಾಲು ಅಷ್ಟು ಕೆಳಗೆ ಇಳಿಯುತ್ತದೆಯೇ! ನಂಬಿದರು, ಪಾಪ.

ಹೇಳಿದರೆ ಅಡ್ಮಿಟ್ ಮಾಡುತ್ತಾರೆ. ಮಗುವನ್ನು ಬಿಟ್ಟು ಹೇಗಿರಲಿ?

ಜೂನ್ ೯

ಚಳಿ. ಫ್ಯಾನ್ ಆಫ್ ಮಾಡಿಸಿದೆ. ಎದೆಗೆ ಹಾಕಿಕೊಂಡರೆ ಮಗುವಿನ ಮೈ ತಣ್ಣಗೆ! ಕೂಗಿಕೊಂಡೆ. ಅಮ್ಮ ಓಡಿಬಂದು ಅದನ್ನೂ ಮುಟ್ಟಿದಳು, ನನ್ನನ್ನೂ ಮುಟ್ಟಿದಳು.

“ಮಗು ತಣ್ಣಗಿಲ್ಲ ಕಣೇ. ನೀನು ಕೆಂಡ ಆಗಿದ್ದೀಯ!”

ಎಲ್ಲ ಬಾಯಿಬಿಟ್ಟೆ. ಅಮ್ಮ ಕನ್ನಡಿ ಹಿಡಿದಳು. ಮೊದಲ ಸಲ ನೋಡಿದೆ — ಊದಿದ ಕೆಂಪು ಅಂಚು, ಮುದ್ದೆಗಟ್ಟಿದ ಪೌಡರ್, ಒಂದು ತುದಿಯಲ್ಲಿ ಕೀವು. ಅಮ್ಮ ಕನ್ನಡಿ ಮಗುಚಿಟ್ಟು ಇವರನ್ನು ಕೂಗಿದಳು.

ಗಾಡಿ ಬಂದಿದೆ. ಮಗುವನ್ನೂ ಕರೆದೊಯ್ಯುತ್ತೇನೆ. ಯಾರು ಏನೇ ಅನ್ನಲಿ, ಬಿಡುವುದಿಲ್ಲ.

ಜೂನ್ ೧೭

ಮನೆ. ಆಸ್ಪತ್ರೆಯಲ್ಲೂ ಮಗು ಜತೆಯಲ್ಲೇ ಇತ್ತು. ಸುಮ್ಮನೆ ಹೆದರಿ ಸತ್ತೆ. ಹೊಲಿಗೆಯ ಒಂದು ತುದಿ ಬಿಚ್ಚಿ ತೊಳೆದರು. ಆ ನೋವು ಬರೆಯಲಾರೆ.

“ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತಮ್ಮ” ಅಂದರು ಡಾಕ್ಟರ್. ಅಷ್ಟೆ. ಗದರಿದ್ದರೇ ಚೆನ್ನಾಗಿತ್ತು.

ಒಣಗಿರಲಿ ಎಂದರೆ ತೊಳೆಯಬೇಡ ಎಂದಲ್ಲವಂತೆ. ಡ್ರೆಸ್ಸಿಂಗ್ ಕಟ್ಟುವುದು ನಿಂತ ಮೇಲೆ ನೀರು ಹರಿಯಬಿಡುವುದು, ಉಜ್ಜದೆ ಒತ್ತಿ ಒರೆಸುವುದು. ಪೌಡರ್ ಬೇಡವೇ ಬೇಡ. ಈ ಸಲ ಹೂಂ ಅನ್ನಲಿಲ್ಲ. ಪಾಠ ಒಪ್ಪಿಸುವ ಹಾಗೆ ತಿರುಗಿ ಹೇಳಿದೆ.

ಅಮ್ಮನಿಗೆ ಊಟ ಸೇರುತ್ತಿಲ್ಲ. “ನನ್ನ ಕೈಯಾರೆ ಮಾಡ್ದೆ” ಅನ್ನುತ್ತಾಳೆ. ಮಗುವನ್ನು ಎತ್ತಿಕೊಳ್ಳಲೂ ಹಿಂಜರಿಯುತ್ತಾಳೆ.

ಜೂನ್ ೨೬, ಬೆಳಿಗ್ಗೆ

ಡ್ರೆಸ್ಸಿಂಗ್ ನಿಂತಿತು. ಇಂದು ಸ್ನಾನ. ಮಗ್ ಹಿಡಿದು ನಿಂತೇ ಇದ್ದೆ. ಕೈ ಏಳದು.

ಬಾಗಿಲಾಚೆಯಿಂದ ಅಮ್ಮ: “ಹಾಕ್ಕೊಂಡ್ಯಾ?”

“ಇಲ್ಲ.”

ಬಾಗಿಲು ತುಸು ಸರಿಯಿತು.

“ನಾನು... ಬರ್ಲಾ?”

“ಬಾಮ್ಮ.”

ಬಂದಳು. ಅವಳಿಗೂ ಭಯ. ಇಬ್ಬರೂ ಕೈ ಸೇರಿಸಿ ಸುರಿದೆವು. ಉರಿಯಲಿಲ್ಲ. ಅಮ್ಮ ಟವೆಲ್ ಒತ್ತಿ ತೆಗೆದಳು. ಟವೆಲ್ ಬಿಳಿಯಾಗೇ ಇತ್ತು. ಅದನ್ನೇ ನೋಡುತ್ತ ನಿಂತೆವು.

ಆದರೂ ಒಂದು ಕಡೆ ತುಸು ಕೆಂಪು ಕಂಡಿತೇನೋ. ಬಿಸಿನೀರಿಗೆ ಇರಬಹುದು. ಇರಬಹುದೇ? ಕೇಳಿಯೇಬಿಡುತ್ತೇನೆ, ಪೆದ್ದಿ ಅಂದುಕೊಂಡರೂ ಸರಿ. ಆಸ್ಪತ್ರೆಗೆ ಫೋನ್ ಹಚ್ಚಿದ್ದೇನೆ. ರಿಂಗ್ ಆಗುತ್ತಿದೆ... ಅಮ್ಮ ಪಕ್ಕದಲ್ಲಿ ಕೂತಿದ್ದಾಳೆ, ಮಗು ಅವಳ ಮಡಿಲಲ್ಲಿ. ಫೋನ್ ಎತ್ತಿದರು —