ಒಂದು ಕೊಂಬಿನ ವ್ಯತ್ಯಾಸ

ಜೂನ್ ೧೧, ಮಂಗಳವಾರ

ಸೂಜಿ ಚುಚ್ಚಿದ ಜಾಗ ಇನ್ನೂ ಚುರುಗುಡುತ್ತಿದೆ. ಅವಳಿ ಅಕ್ಕನಿಗೆ ಸ್ತನ ಕ್ಯಾನ್ಸರ್ ಬಂದಿದೆ. ನನಗೂ ಬರಬಹುದೇ ಎಂದು ರಕ್ತದಲ್ಲಿ ಹುಡುಕುವ ಸಂಶೋಧನೆಗೆ ಇವತ್ತು ರಕ್ತ ಕೊಟ್ಟುಬಂದೆ.

"ನಿಮ್ಮಿಬ್ಬರ ಜೀನೂ ಒಂದೇ. ಅಕ್ಷರ ಬದಲಾಗಲ್ಲ, ಅದರ ಮೇಲೆ ಬೀಳೋ ರಾಸಾಯನಿಕ ಗುರುತು ಬದಲಾಗತ್ತೆ. ನಾವು ಓದೋದು ಆ ಗುರುತನ್ನ," ಎಂದರು ಡಾಕ್ಟರು.

ಒಂದನೇ ತರಗತಿಗೆ ಕಾಗುಣಿತ ಕಲಿಸುವವಳು ನಾನು. ಒಂದು ಕೊಂಬು ಸಿಕ್ಕರೆ 'ಕಡಿ' ಹೋಗಿ 'ಕುಡಿ' ಆಗುತ್ತದೆ, ಅದು ಅಳಿಸಿಹೋದರೆ ಕುಡಿಯೇ ಕಡಿ. ಚಮಚದಷ್ಟು ರಕ್ತದಲ್ಲಿ ಅಷ್ಟೊಂದು ಕಾಗುಣಿತ! ಯಾರು ತಿದ್ದಿಸುತ್ತಾರೋ, ಯಾವಾಗ ತಿದ್ದಿಸುತ್ತಾರೋ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ನಕ್ಕಳು.

"ಸ್ಕೂಲಲ್ಲಿ ನೀನು ಎಲ್ಲಾ ನನ್ನ ನೋಡೇ ಕಾಪಿ ಹೊಡೀತಿದ್ದೆ. ಇದೊಂದನ್ನ ಹೊಡೀಬೇಡ ಕಣೇ."