ಕತ್ತರಿಸಿ ಕೊಟ್ಟ ಮಾತ್ರೆಗಳು

ಕೊಪ್ಪಳ,
18 ಸೆಪ್ಟೆಂಬರ್ 2024

ದ್ರಾಕ್ಷಾಯಿಣಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಫೋನ್ ಮಾಡಿದರೆ ನಿನ್ನ ದನಿ ಕೇಳಿ ಅತ್ತುಬಿಡುತ್ತೇನೆ, ಹೇಳಬೇಕಾದ್ದು ಹೇಳದೆ ನಾನೇ ನಿನ್ನನ್ನು ಸಮಾಧಾನ ಮಾಡುತ್ತೇನೆ. ಅದಕ್ಕೇ ಈ ಕಾಗದ.

ಮಗಳು ಮುಬಾಶಿರಾಗೆ ಟೈಫಾಯ್ಡ್ ಮರುಕಳಿಸಿ, ಇಲ್ಲಿ ಆಸ್ಪತ್ರೆ ಸೇರಿ ಒಂಬತ್ತು ದಿನವಾಯಿತು. ಬಾಚಿದರೆ ಕೂದಲು ಹಿಡಿ ಹಿಡಿ ಬರುತ್ತದೆ. ಎರಡು ದಿನದಿಂದ ಜ್ವರವಿಲ್ಲ, ಗಂಜಿ ಕುಡಿಯುತ್ತಿದ್ದಾಳೆ. ‘ದ್ರಾಕ್ಷಾಯಿಣಿ ಖಾಲಾ ಯಾಕ ಬರವಲ್ಲಳು?’ ಎಂದು ಕೇಳುತ್ತಾಳೆ. ನಾನೇ ಬರಬೇಡ ಎಂದು ಹೇಳಿಕಳಿಸಿರುವುದು ಅವಳಿಗೆ ಗೊತ್ತಿಲ್ಲ.

ಗಂಗಾವತಿಯ ಡಾಕ್ಟರು ದಿನಕ್ಕೆರಡರಂತೆ ಹದಿನಾಲ್ಕು ದಿನದ ಮಾತ್ರೆ ಬರೆದಾಗ ಚೀಟಿ ಹಿಡಿದು ನೇರ ನಿನ್ನ ಔಷಧಿ ಅಂಗಡಿಗೇ ಬಂದೆ. ರಕ್ತ ಪರೀಕ್ಷೆಗೇ ಕೈ ಖಾಲಿಯಾಗಿತ್ತು, ನಾಲ್ಕು ನಾಲ್ಕೇ ಕೊಡು ಎಂದೆ. ನೀನು ಕತ್ತರಿಯಿಂದ ಪಟ್ಟಿ ಕತ್ತರಿಸಿದೆ. ಬೆಲೆ ಬರೆದಿರುವ ತುದಿ ನಿನ್ನ ಕಡೆಯೇ ಉಳಿಯಿತು. ನಾಲ್ಕಕ್ಕೆ ತೊಂಬತ್ತು ಎಂದಾಗ ಸೆರಗಿನ ಗಂಟು ಬಿಚ್ಚುತ್ತಿದ್ದವಳು ನಿಲ್ಲಿಸಿದೆ. ನೀನು ಕೈ ಹಿಡಿದು, ‘ನಿನ್ನ ಮಗಳಂದ್ರ ನನ್ನ ಮಗಳು. ಆಕಿಗೆ ಹಗುರ ಮಾಲ್ ಕೊಡಲೇನು? ಛಲೋ ಕಂಪನೀದು ಐತಿ’ ಅಂದೆ. ಮಿಲ್ಲಿನಲ್ಲಿ ಅಕ್ಕಿ ಚೀಲದ ಬಾಯಿ ಹೊಲಿಯುವವಳ ಮಗಳಿಗೂ ಸಾಹುಕಾರರ ಮಕ್ಕಳ ಔಷಧ ಎಂದು ಹೆಮ್ಮೆಪಟ್ಟೆ. ಎಂಥ ದಡ್ಡಿ ನಾನು!

ಇಲ್ಲಿ ಪಕ್ಕದ ಮಂಚದ ಬಳಿ ಮರಳಿ ಊರಿನ ಗುರುಲಿಂಗಮ್ಮ ತನ್ನ ಸೊಸೆಯನ್ನು ನೋಡಿಕೊಂಡಿದ್ದಾಳೆ. ಅವಳ ಮೊಮ್ಮಗನಿಗೆ ಹೋದ ತಿಂಗಳು ಇದೇ ಜ್ವರ, ಇದೇ ಡಾಕ್ಟರು, ನಿನ್ನದೇ ಅಂಗಡಿ. ಹುಡುಗ ಈಗ ಸಾಲಿಗೆ ಹೋಗುತ್ತಿದ್ದಾನೆ. ಎರಡು ಮಾತ್ರೆ ಉಳಿದ ಪಟ್ಟಿ ಅವಳ ಚೀಲದಲ್ಲಿತ್ತು. ಹತ್ತಕ್ಕೆ ಎಪ್ಪತ್ತು ರೂಪಾಯಿ! ನನ್ನ ಚೀಟಿಯನ್ನೂ ಆ ಪಟ್ಟಿಯನ್ನೂ ಸಿಸ್ಟರ್‌ಗೆ ತೋರಿಸಿದೆ. ‘ಔಷಧಿ ಒಂದ ಐತ್ರಿ, ಕಂಪನಿ ಬ್ಯಾರೆ’ ಎಂದರು. ಗುರುಲಿಂಗಮ್ಮ, ‘ಕಡಿಮಿ ರೇಟಿಂದು ಐತೇನ್ ತಂಗಿ ಅಂತ ಕೇಳಿದ್ನಿ, ಆಕಿ ಕೊಟ್ಟಳು’ ಎಂದಳು.

ಅಷ್ಟೇ. ಅವಳು ಕೇಳಿದಳು, ನೀನು ಕೊಟ್ಟೆ. ಗೆಳತಿಯ ಹತ್ತಿರ ಚೌಕಾಶಿ ಮಾಡಲು ನಾಚಿದವಳಿಗೆ ಕೊಡಲಿಲ್ಲ. ಹೋದ ರಂಜಾನಿಗೆ ನಿನ್ನ ಹೊಸ ಮಿಕ್ಸರಿನಲ್ಲಿ ಮಸಾಲೆ ರುಬ್ಬಿಕೊಂಡು ಹೋಗಿದ್ದೆ, ನೆನಪಿದೆಯಾ? ‘ಮಾಲ್ ಭಾಳ ಹೋಗೇತಿ ಅಂತ ಕಂಪನಿಯವ್ರು ಕೊಟ್ಟಾರ’ ಎಂದು ನೀನು ನಕ್ಕಿದ್ದೆ. ಯಾವ ಮಾಲು, ಯಾರಿಗೆ ಹೋಯಿತು ಎಂದು ನಾನು ಕೇಳಲಿಲ್ಲ. ಆ ಮಸಾಲೆ ಈಗ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದೆ.

ಆರನೇ ದಿನದಿಂದ ನಿನ್ನ ಅಂಗಡಿಗೆ ಬರುವುದನ್ನು ಬಿಟ್ಟೆ. ದಾರಿಯಲ್ಲಿ ಸಿಕ್ಕು ಕೇಳಿದಾಗ, ಮಿಲ್ಲಿನ ಹತ್ತಿರದ ಅಂಗಡಿಯಲ್ಲಿ ಉದ್ರಿ ಕೊಡುತ್ತಾರೆ, ಉಳಿದದ್ದು ಅಲ್ಲಿ ತರುತ್ತೇನೆ ಎಂದೆ. ನೀನು ‘ಆತು, ಪೂರಾ ಕೊಡು ಮತ್ತ’ ಎಂದು ಹೋದೆ. ಪೂರಾ ಕೊಟ್ಟೆ. ಆದರೂ ಜ್ವರ ತಿರುಗಿ ಬಂತು. ಇಲ್ಲಿಯ ಡಾಕ್ಟರಿಗೂ ಅದನ್ನೇ ಹೇಳಿದ್ದೇನೆ. ನಿನ್ನ ದುಬಾರಿ ಮಾತ್ರೆ ನನ್ನ ಮಗಳನ್ನು ಕಾಯಲಿಲ್ಲ.

ಊರಿಗೆ ಬಂದ ಮೇಲೂ ಸದ್ಯ ನನ್ನ ಮನೆಗೆ ಬರಬೇಡ. ಬಂದರೆ ರೂಢಿಯಂತೆ ಚಹಾಕ್ಕೆ ಇಟ್ಟುಬಿಡುತ್ತೇನೆ.

ಸಾಲಿಯಲ್ಲಿ ನಿನ್ನ ಪಕ್ಕವೇ ಕೂರುತ್ತಿದ್ದ,
ಶಬೀನಾ

ತಾ.ಕ.: ನಿನ್ನೆ ಬರೆದು ಮಡಚಿಟ್ಟಿದ್ದೆ. ಅಂಚೆಗೆ ಹಾಕುವ ಮೊದಲು ಮತ್ತೆ ಬಿಚ್ಚಿದ್ದೇನೆ. ಪೂರಾ ಕೊಟ್ಟೆ ಎಂಬುದು ಸುಳ್ಳು. ಐದನೇ ದಿನ ತಂದ ಕೊನೆಯ ನಾಲ್ಕನ್ನು ದಿನಕ್ಕೊಂದರಂತೆ ಕೊಟ್ಟೆ, ಜ್ವರ ಬಿಟ್ಟಿತೆಂದು ಅಲ್ಲಿಗೇ ನಿಲ್ಲಿಸಿದೆ. ಇವತ್ತು ಬೆಳಿಗ್ಗೆ ಡಾಕ್ಟರಿಗೆ ನಿಜ ಹೇಳಿದೆ, ಮಗಳಿಗೆ ಇನ್ನೂ ಹೇಳಿಲ್ಲ. ಮಿಲ್ಲಿನ ಹತ್ತಿರ ಔಷಧಿ ಅಂಗಡಿಯೇ ಇಲ್ಲ. ನಿಮ್ಮಪ್ಪ ಉಮಾಪತಿ ಕಾಕಾ ಆ ಮಿಲ್ಲಿನಲ್ಲೇ ತೂಕ ಹಾಕುತ್ತಿದ್ದರು, ನೀನು ಆ ಓಣಿಯಲ್ಲೇ ಬೆಳೆದವಳು. ನಾನು ಸುಳ್ಳು ಹೇಳುತ್ತಿದ್ದೇನೆಂದು ನಿನಗೆ ಗೊತ್ತಿತ್ತು, ದ್ರಾಕ್ಷಾಯಿಣಿ. ಗೊತ್ತಿದ್ದೂ ‘ಆತು’ ಎಂದೆ.