ತಂಗಿಯ ಹುಬ್ಬಿನ ಮೂರು ಹೊಲಿಗೆ

೧೪, ಮಂಗಳವಾರ

ತಂಗಿಯ ಹುಬ್ಬಿಗೆ ಮೂರು ಹೊಲಿಗೆ ಬಿದ್ದಿವೆ. ಅವಳ ರೈಫಲ್ಲಿಗೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸಿದವನು ನಾನು. ಹತ್ತಿರದ ಗುರಿಗೆ ನಳಿಗೆಯ ಮೇಲಿನ ಹಳೆಯ ಕಬ್ಬಿಣದ ಸೈಟೇ ಸಾಕು, ದೂರದ್ದಕ್ಕಷ್ಟೇ ಸ್ಕೋಪ್ ಬೇಕು ಎಂದು ಅವಳೇ ಆರಿಸಿದ್ದಳು.

ಸ್ಕ್ರೂ ಬಿಗಿಯುವ ಮೊದಲು ರೈಫಲ್ಲನ್ನು ಅವಳ ಕೈಗೆ ಕೊಟ್ಟು, ಕಣ್ಣಿಗೂ ಸ್ಕೋಪಿಗೂ ಎಷ್ಟು ಅಂತರವಿದೆಯೆಂದು ನೋಡಬೇಕಿತ್ತು. ಇಪ್ಪತ್ತು ವರ್ಷದಿಂದ ಬಂದೂಕು ರಿಪೇರಿಯ ಕಸುಬುದಾರ ನಾನು; ನನ್ನ ಕಣ್ಣಿಗೇ ಹೊಂದಿಸಿ ಬಿಗಿದುಬಿಟ್ಟೆ. ನನ್ನದು ಗಿಡ್ಡ ಕತ್ತು. ಅವಳದು ನೀಳ ಕತ್ತು, ಮುಖ ಮುಂದಕ್ಕೆ ಬರುತ್ತದೆ. ಮೊದಲ ಗುಂಡಿಗೇ ರೈಫಲ್ ಹಿಂದಕ್ಕೆ ಒದ್ದು, ಸ್ಕೋಪಿನ ಅಂಚು ಹುಬ್ಬಿಗೆ ಬಡಿಯಿತು.

“ಅಣ್ಣಾ, ನಾನೇ ಸರಿಯಾಗಿ ಹಿಡ್ಕೊಂಡಿರ್ಲಿಲ್ಲ, ಬೇಜಾರು ಮಾಡ್ಕೋಬೇಡ,” ಎಂದಳು, ಕರವಸ್ತ್ರದಲ್ಲಿ ರಕ್ತ ಒತ್ತಿಕೊಂಡು.

“ಹೋಗ್ಲಿ ಬಿಡು, ಇನ್ಮೇಲೆ ಹುಷಾರಾಗಿರು,” ಎಂದೆ.

ಕ್ಷಮಿಸಿದೆನಂತೆ, ನಾನು, ಅವಳನ್ನು.